ಅಳಿಯಂದಿರಿಗೊಂದು ಪಿಕಪ್

ನಮ್ಮ ಹಳೆಯ ಪಿಕಪ್ ಪ್ರಾಣ ಬಿಟ್ಟದ್ದು ಇಟ್ಟಿಗೆ ಗೂಡಿನ ಪಕ್ಕದ ಏರಿನಲ್ಲಿ, ಹಿಂದೆ ಟ್ರೇಲರಿನಲ್ಲಿ ಅಳಿಯಂದಿರು ನಿಂತುಕೊಂಡು ಮೆಲುಕು ಹಾಕುತ್ತಿದ್ದಾಗ.

ಅಳಿಯಂದಿರು ಎಂದರೆ ನಮ್ಮ ಹೋರಿ. ಅದನ್ನು ಊರೂರಿನ ಕೊಟ್ಟಿಗೆಗಳಿಗೆ ಕರೆದೊಯ್ದು, ಅಲ್ಲಿನ ಹಸುಗಳಿಗೆ ಪರಿಚಯ ಮಾಡಿಸಿ, ಕೆಲಸ ಮುಗಿದ ಮೇಲೆ ವಾಪಸು ಕರೆತರುವುದು ಅಪ್ಪನ ಕಸುಬು. ಹೋದಲ್ಲೆಲ್ಲ ಮನೆಮಂದಿ ಬಾಗಿಲಲ್ಲೇ ಕಾದಿರುತ್ತಾರೆ, ಮೈ ತಿಕ್ಕುತ್ತಾರೆ, ಎಳೆ ಹುಲ್ಲು ತಂದಿಡುತ್ತಾರೆ, ನೆರಳು ನೋಡಿ ಕಟ್ಟುತ್ತಾರೆ ಎಂದು ಅಪ್ಪ ವರ್ಣಿಸುವುದನ್ನು ಕೇಳಿ ಅಮ್ಮ ಒಂದು ದಿನ, "ಅದೇನು ಹೋರಿನೋ, ಇಲ್ಲ ಅಳಿಯಂದಿರೋ?" ಎಂದಳು. ಹೆಸರು ಅಂಟಿಕೊಂಡಿತು, ಹೆಸರಿನ ಜೊತೆ ಬಹುವಚನವೂ ಅಂಟಿಕೊಂಡಿತು. ನಮ್ಮ ಮನೆಯಲ್ಲಿ ಅಪ್ಪ ಏಳುತ್ತಾನೆ, ಅಳಿಯಂದಿರು ಏಳುತ್ತಾರೆ. ಅಪ್ಪ ಉಣ್ಣುತ್ತಾನೆ, ಅಳಿಯಂದಿರು ಸೆಗಣಿ ಹಾಕುತ್ತಾರೆ. ಈ ಮನೆಗೆ ಸದ್ಯಕ್ಕಿರುವುದು ಅವರೊಬ್ಬರೇ ಅಳಿಯ. ನನಗಿನ್ನೂ ಮದುವೆಯಾಗಿಲ್ಲ; ಆ ವಿಷಯಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ನಾನಂತೂ ಕೆಡಿಸಿಕೊಂಡಿಲ್ಲ. ಮನೆಗೆ ಒತ್ತಿಕೊಂಡಂತೆ ನನ್ನದೊಂದು ವೆಲ್ಡಿಂಗ್ ಶೆಡ್ಡಿದೆ. ಗೇಟು, ಏಣಿ, ಕಿಟಕಿಯ ಸರಳು ಮಾಡುತ್ತೇನೆ. ಕಬ್ಬಿಣ ಕಾಯಿಸಿದರೆ ಬಗ್ಗುತ್ತದೆ, ನಮ್ಮ ಮನೆಯವರು ಹಾಗಲ್ಲ.

ಏರಿನ ಅರ್ಧಕ್ಕೆ ಎಂಜಿನ್ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಆಮೇಲೆ ಕೆಮ್ಮುವುದನ್ನೂ ಬಿಟ್ಟಿತು. ಅಲ್ಲಿಯವರೆಗೆ ಪಿಕಪ್ ಹೋರಿಯನ್ನು ಎಳೆಯುತ್ತಿತ್ತು, ಅಲ್ಲಿಂದ ಹೋರಿಯೇ ಪಿಕಪ್ಪನ್ನು ಎಳೆದುಕೊಂಡು ಹೊರಟಿತು. ಅಪ್ಪ ಬ್ರೇಕಿನ ಮೇಲೆ ಎದ್ದು ನಿಂತ. ಅಪ್ಪ ಕುಳ್ಳ, ತೆಳ್ಳಗಿನ ಆಳು. ಬ್ರೇಕು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾನು ಬಾಯಿಗೆ ಬಂದದ್ದನ್ನೆಲ್ಲ ಕೂಗಿದೆ. ನಾವು ಮೂವರೂ ಹಿಮ್ಮುಖವಾಗಿ, ಬಹಳ ಗಾಂಭೀರ್ಯದಿಂದ, ಇಳಿಜಾರು ಇಳಿದು ಇಟ್ಟಿಗೆ ಮಣ್ಣಿನ ರಾಶಿಗೆ ಒರಗಿಕೊಂಡೆವು. ಅಳಿಯಂದಿರು ಮೆಲುಕು ನಿಲ್ಲಿಸಲಿಲ್ಲ.

ಕೆಳಗಿಳಿದ ಅಪ್ಪ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ಎಷ್ಟು ಹೊತ್ತಾದರೂ ಏಳಲಿಲ್ಲ.

"ಏನಾಯ್ತಪ್ಪಾ?"

"ಏನಿಲ್ಲ. ಯೋಚನೆ ಮಾಡ್ತಿದೀನಿ."

ಕೂತು ಯೋಚನೆ ಮಾಡುವ ಮನುಷ್ಯ ಅವನಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಅಷ್ಟರಲ್ಲಿ ಇಟ್ಟಿಗೆ ಗೂಡಿನವನು ಟ್ರ್ಯಾಕ್ಟರ್ ತಂದು, "ಇಷ್ಟು ದೊಡ್ಡ ಅಳಿಯನ್ನ ಇಟ್ಕೊಂಡು ಇಷ್ಟು ಚಿಕ್ಕ ಗಾಡೀಲಿ ಓಡಾಡ್ತೀರಲ್ಲ, ನಿಮಗೆ ನಾಚಿಕೆ ಆಗಲ್ವಾ?" ಎಂದು ಶುರು ಮಾಡಿದ. ಅವನ ಜೊತೆ ಜಗಳವಾಡುವುದರಲ್ಲಿ ನಾನು ಅಪ್ಪನನ್ನು ಮರೆತೆ.

ಸಂಜೆ ಅಂಗಳದಲ್ಲಿ ಸಭೆ ಸೇರಿತು. ಶುಕ್ರವಾರ ಡೈರಿ ಅಕ್ಕನ ಕೊಟ್ಟಿಗೆಗೆ ಹೋಗಬೇಕಿತ್ತು. ನಮ್ಮ ಸುತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೊಟ್ಟಿಗೆ ಅವಳದು. ತಪ್ಪಿಸಿದರೆ ಸೂಜಿ ಡಾಕ್ಟರನ್ನು ಕರೆಸುತ್ತೇನೆ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಸೂಜಿ ಡಾಕ್ಟರ ಡಬ್ಬಿಯಲ್ಲಿ ನಮ್ಮ ಅಳಿಯಂದಿರಂಥ ಎಷ್ಟೋ ಅಳಿಯಂದಿರು ಸಣ್ಣ ಕೊಳವೆಗಳಲ್ಲಿ ಹೆಪ್ಪುಗಟ್ಟಿ ಮಲಗಿರುತ್ತಾರೆ. ಅವರಿಗೆ ಹುಲ್ಲೂ ಬೇಡ, ಪಿಕಪ್ಪೂ ಬೇಡ. ಆದ್ದರಿಂದ ಹೊಸ ಗಾಡಿ ಬೇಕೇ ಬೇಕು, ಅದೂ ಭಾರ ಎಳೆಯುವ ಗಟ್ಟಿ ಗಾಡಿ ಬೇಕು ಎನ್ನುವಲ್ಲಿ ಎಲ್ಲರದೂ ಒಂದೇ ಮಾತಾಯಿತು.

ಆಗ ಮಾವ ಗಂಟಲು ಸರಿಮಾಡಿಕೊಂಡ. ಮಾವ ಎಂದರೆ ಅಮ್ಮನ ತಮ್ಮ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಬೇಕರಿಯ ವ್ಯಾನು ಓಡಿಸುತ್ತಾನೆ. ಬೆಳಗಿನಿಂದ ಸಂಜೆವರೆಗೆ ಬನ್ನು ಸಾಗಿಸಿ ಸಾಗಿಸಿ ಅವನಿಗೆ ಜೀವನದಲ್ಲಿ ಒಮ್ಮೆಯಾದರೂ ಭಾರದ್ದೇನಾದರೂ ಎಳೆಯಬೇಕೆಂಬ ಹಂಬಲ. ದೊಡ್ಡ ಗಾಡಿಗಳ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಗಾಡಿಯ ಎಳೆಯುವ ಬಲಕ್ಕೆ ಹೇಳುವ ಟಾರ್ಕ್ ಎನ್ನುವ ಪದವನ್ನು ಅವನು ಬೇರೆಯವರು 'ಅಯ್ಯೋ' ಎನ್ನುವಷ್ಟು ಸಲೀಸಾಗಿ ಬಳಸುತ್ತಾನೆ.

"ದೊಡ್ಡ ಗಾಡಿ ಬಂದ್ರೆ ನಾನೇ ಓಡಿಸ್ತೀನಿ ಭಾವ," ಎಂದ. "ಬೇಕರಿ ಕೆಲಸ ಬಿಟ್ಟುಬಿಡ್ತೀನಿ. ನೀವಿನ್ನು ಆರಾಮಾಗಿ ಮನೇಲಿರಿ."

ಅವನು ಪ್ರೀತಿಯಿಂದಲೇ ಹೇಳಿದ. ಆದರೆ ಅಪ್ಪನ ಮುಖ ಸಣ್ಣದಾದುದನ್ನು ನಾನು ನೋಡಿದೆ. ಮನೆಯಲ್ಲಿ ಅಪ್ಪ ಎಂದರೆ 'ಆ ಬಕೆಟ್ ತಗೊಂಡ್ಬನ್ನಿ', 'ಅಲ್ಲಿ ನಿಲ್ಬೇಡಿ, ಒರೆಸಿದೀನಿ' ಎನ್ನಿಸಿಕೊಳ್ಳುವ ಒಬ್ಬ ಕುಳ್ಳ ಮನುಷ್ಯ. ಸ್ಟೀರಿಂಗ್ ಹಿಂದೆ ಕೂತಾಗ ಮಾತ್ರ ಅವನು ಹೋರಿಯ ಯಜಮಾನ. ಆ ಸೀಟು ಹೋದರೆ ಅಪ್ಪನೇ ಹೋದ ಹಾಗೆ.

"ನೋಡೋಣ," ಎಂದ ಅಪ್ಪ. "ಓಡಿಸೋದು ಅಂದ್ರೆ ಬರೀ ಓಡಿಸೋದಲ್ಲ."

ಅದು ನಿಜ. ಅಪ್ಪನದೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಹೊರಡುವ ಮೊದಲು, ಹೊರಟ ಮೇಲೆ ಮೊದಲ ತಿರುವಿನಲ್ಲಿ, ಆಮೇಲೆ ಪ್ರತಿ ಏರಿಗೂ ಇಳಿಜಾರಿಗೂ ಮುಂಚೆ, ಗಾಡಿ ನಿಲ್ಲಿಸಿ ಇಳಿಯಬೇಕು. ಇಳಿದು ನಾಲ್ಕು ಮುಟ್ಟಬೇಕು: ಪಿಕಪ್ಪಿಗೂ ಟ್ರೇಲರಿಗೂ ಗಂಟು ಹಾಕುವ ಕಬ್ಬಿಣದ ಕೀಲು, ಸರಪಳಿ, ಟ್ರೇಲರಿನ ಬಾಗಿಲು, ಕೊನೆಗೆ ಅಳಿಯಂದಿರ ಬೆನ್ನು. ಬೆನ್ನು ತಟ್ಟಿ, "ಆರಾಮಾ? ಹೊರಡೋಣ್ವಾ?" ಎಂದು ಕೇಳಬೇಕು. ಇದನ್ನೆಲ್ಲ ಮಾಡಬೇಕಾದವನು ಓಡಿಸುವವನು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಒಮ್ಮೆ ಸಹಾಯವಾಗಲೆಂದು ನಾನು ಕೀಲು ಹಾಕಿದ್ದಕ್ಕೆ ಅಪ್ಪ ಅದನ್ನು ಕಿತ್ತು, ಮೂತಿ ಊದಿಸಿಕೊಂಡು, ತಾನೇ ಮತ್ತೆ ಹಾಕಿದ. ಅಂದಿನಿಂದ ಅಪ್ಪನ ಕೀಲಿಗೆ ನಮ್ಮಲ್ಲಿ ಯಾರೂ ಕೈ ಹಾಕಿಲ್ಲ.

ಮರುದಿನ ನಾನು, ಅಪ್ಪ, ಮಾವ ಶೋರೂಮಿಗೆ ಹೋದೆವು. ಗಾಜಿನ ಕಟ್ಟಡ. ನೆಲ ಎಷ್ಟು ನುಣುಪೆಂದರೆ ಅಪ್ಪ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಅರ್ಧ ಬಿಟ್ಟುಕೊಂಡೇ ನಡೆದ. ಟೈ ಕಟ್ಟಿದ ಒಬ್ಬ ಮಾರಾಟಗಾರ ನಗುತ್ತ ಬಂದ. ಆ ನಗು ಮಧ್ಯಾಹ್ನದವರೆಗೂ ಇತ್ತು, ಮುಖ ಮಾತ್ರ ಅದರ ಹಿಂದೆ ಸುಸ್ತಾಗಿ ಹೋಯಿತು.

ಮೊದಲನೆಯದು ಕೆಂಪು ಪಿಕಪ್. ಅಪ್ಪ ಅದರ ಎದುರಿಗೆ ನಿಂತು ದಿಟ್ಟಿಸಿ ನೋಡಿದ. "ಇದಕ್ಕೆ ಮೂಗಿನ ತುದೀಲೇ ಕೋಪ. ಬೇಡ."

"ಸರ್, ಅದು ಗ್ರಿಲ್ಲು."

"ಏನೋ ಒಂದು. ಅಳಿಯಂದಿರಿಗೂ ಇದಕ್ಕೂ ಆಗಿಬರಲ್ಲ."

ಎರಡನೆಯದು ಬಿಳಿ. ಅಪ್ಪ ನಿಂತಲ್ಲಿಂದಲೇ ಅದರ ಬಾಗಿಲು ತೆಗೆದು ಹಾಕಿದ, ಮತ್ತೆ ತೆಗೆದು ಹಾಕಿದ. "ಸದ್ದೇ ಬರಲ್ವಲ್ಲ! ಹಾಕಿದೀವೋ ಇಲ್ವೋ ಅಂತ ಹೇಗೆ ಗೊತ್ತಾಗಬೇಕು?"

"ಅದೇ ಸರ್ ಇದರ ವಿಶೇಷ."

"ವಿಶೇಷ ನೀವೇ ಇಟ್ಕೊಳ್ಳಿ, ನಂಗೆ ಸದ್ದು ಬೇಕು."

ಮೂರನೆಯದರ ಕನ್ನಡಿ ದೊಡ್ಡದಾಯಿತು. ಅಳಿಯಂದಿರು ಅದರಲ್ಲಿ ತಮ್ಮನ್ನು ನೋಡಿಕೊಂಡು, ಇನ್ಯಾವುದೋ ಹೋರಿ ಬಂದಿದೆ ಎಂದು ಕಾಲು ಕೆರೆಯುತ್ತಾರಂತೆ. ಟೈಯವನು ಸೋಲಲಿಲ್ಲ. "ಸರ್, ಒಂದ್ಸಲ ಹತ್ತಿ ಒಳಗೆ ಕೂತು ನೋಡಿ. ಆಮೇಲೆ ಹೇಳಿ."

"ಕೂತ ಮೇಲೆ ಎಲ್ಲಾ ಗಾಡಿನೂ ಒಂದೇ," ಎಂದ ಅಪ್ಪ. "ಗಾಡಿ ನಿಂತು ನೋಡ್ಬೇಕು."

ಮಾವ ಅಷ್ಟರಲ್ಲಿ ಅಲ್ಲಿದ್ದ ಗಾಡಿಗಳಿಗೆಲ್ಲ ಹತ್ತಿ ಇಳಿದಾಗಿತ್ತು. ಒಂದೇ ನೆಗೆತಕ್ಕೆ ಹತ್ತುತ್ತಿದ್ದ, ಒಂದೇ ನೆಗೆತಕ್ಕೆ ಇಳಿಯುತ್ತಿದ್ದ. ನಾನು ಗಾಡಿಯನ್ನು ಕೆಳಗಿನಿಂದ ನೋಡುವವಳು. ಮೇಲಿನ ಬಣ್ಣ, ಸೀಟಿನ ಚರ್ಮ ಇವುಗಳೆಲ್ಲ ಬರೀ ಬಾಯಿಮಾತು. ನಿಜ ಇರುವುದು ಕೆಳಗೆ, ಚಾಸಿಯ ಬೆಸುಗೆಯಲ್ಲಿ. ಮೂಲೆಯಲ್ಲಿ ನಿಂತಿದ್ದ ಬೂದು ಬಣ್ಣದ ಪಿಕಪ್ಪಿನ ಅಡಿಗೆ ನಾನು ಅಂಗಾತ ನುಸುಳಿದೆ. ಟೈಯವನು "ಮೇಡಂ, ಮೇಡಂ" ಎಂದು ನನ್ನ ಕಾಲುಗಳ ಜೊತೆ ಮಾತಾಡಿದ. ಒಳಗೆ ನೋಡಿದರೆ ನನ್ನ ತೋಳಿನಷ್ಟು ದಪ್ಪದ ಉಕ್ಕು, ಉದ್ದಕ್ಕೂ ಒಂದೇ ಸಮನಾದ ಬೆಸುಗೆ, ಹಿಂದೆ ಟ್ರೇಲರ್ ಸಿಕ್ಕಿಸಲು ಎರಡು ತಟ್ಟೆಗಳ ಭಾರೀ ಕೊಂಡಿ. ಹಿಂದಿನ ಚಕ್ರಗಳು ಜೋಡಿ ಜೋಡಿ. ನನಗೆ ಅಂಥ ಬೆಸುಗೆ ಹಾಕಲು ಬಂದಿದ್ದರೆ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಈಗಲೂ ಕೇಳುವುದಿಲ್ಲ, ಅದು ಬೇರೆ.

"ಇದೇ," ಎಂದೆ, ಅಡಿಯಿಂದಲೇ.

"ಇದೇ!" ಎಂದ ಮಾವ, ಮೇಲಿನ ಸೀಟಿನಿಂದ. "ಮೂರೂವರೆ ಟನ್ನು ಎಳೆಯುತ್ತೆ ಭಾವ! ಅಳಿಯಂದಿರು, ಟ್ರೇಲರು, ಬೇಕಾದ್ರೆ ಡೈರಿ ಅಕ್ಕನ್ನೂ ಸೇರಿಸಿ ಎಳೆಯುತ್ತೆ."

ಅಪ್ಪ ಬೂದು ಪಿಕಪ್ಪಿನ ಸುತ್ತ ಒಂದು ಸುತ್ತು ಬಂದ. ಟೈರಿಗೆ ಒದ್ದ. ಬಾಗಿಲಿನ ಹಿಡಿಯನ್ನು ನೋಡಿದ, ಹಿಡಿಯಿಂದ ನೆಲದವರೆಗೆ ನೋಡಿದ, ಮತ್ತೆ ಹಿಡಿಯನ್ನು ನೋಡಿದ. "ಗಾಡಿ ಎತ್ತರ ಆಯ್ತು. ಗಾಳಿ ಹೊಡೆಯುತ್ತೆ," ಎಂದ. ಮೂರೂವರೆ ಟನ್ನು ಎಳೆಯುವ ಗಾಡಿಗೆ ಗಾಳಿ ಏನು ಮಾಡೀತು ಎಂದು ಮಾವ ವಾದಕ್ಕಿಳಿದ. ಕಡೆಗೆ ಟೈಯವನೇ ರಾಜಿ ಮಾಡಿಸಿದ. ನಾಳೆ ಗಾಡಿಯನ್ನು ಮನೆಗೇ ತರುತ್ತೇನೆ, ನಿಮ್ಮ ಟ್ರೇಲರಿಗೇ ಕಟ್ಟಿ, ನಿಮ್ಮ... ನಿಮ್ಮವರನ್ನೇ ಹತ್ತಿಸಿ ಎಳೆದು ನೋಡಿ ಎಂದ. ಹೋರಿಯನ್ನು ಏನೆಂದು ಕರೆಯಬೇಕೆಂದು ಪಾಪ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಬೂದು ಪಿಕಪ್ ನಮ್ಮ ಅಂಗಳಕ್ಕೆ ಬಂದಾಗ ಅಮ್ಮ ಹುಲ್ಲಿನ ಬಣವೆಯ ತುದಿಯಲ್ಲಿ ನಿಂತು ಹುಲ್ಲು ಇಳಿಸುತ್ತಿದ್ದಳು. ಮನೆಗಿಂತ ಎತ್ತರದ ಬಣವೆ. ಅಮ್ಮ ಅದನ್ನು ದಿನವೂ ಅಳಿಲಿನ ಹಾಗೆ ಹತ್ತಿ ಇಳಿಯುತ್ತಾಳೆ. ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತದೆಂದು ಅವಳು ಇಳಿಯಲೇ ಇಲ್ಲ.

ಟೈಯವನು ಗಾಡಿಯನ್ನು ಹಿಮ್ಮುಖವಾಗಿ ತಂದು ಟ್ರೇಲರಿನ ಮೂತಿಗೆ ಸರಿಯಾಗಿ ನಿಲ್ಲಿಸಿದ. ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಟ್ಟಿತ್ತು, ಮುಂದಿನ ಆಸರೆ ಕಾಲು ನೆಲಕ್ಕೂರಿತ್ತು. ಅಳಿಯಂದಿರನ್ನು ಹತ್ತಿಸುವುದು ಅಪ್ಪನಿಂದ ಮಾತ್ರ ಆಗುವ ಕೆಲಸ. ಬೇರೆಯವರು ಹಗ್ಗ ಹಿಡಿದರೆ ಅವರು ತಿರುಗಿ ನಿಂತು ಬಾಲ ತೋರಿಸುತ್ತಾರೆ. ಅಪ್ಪ "ಬನ್ನಿ" ಎಂದ, ಬಂದರು. ಟ್ರೇಲರ್ ಒಮ್ಮೆ ನರಳಿ ಸುಮ್ಮನಾಯಿತು. ಮಾವ ಚಕ್ರದ ಕಲ್ಲುಗಳನ್ನು ತೆಗೆದುಹಾಕಿದ.

"ಸರ್, ಇನ್ನು ನೀವು ಹತ್ತಿ," ಎಂದು ಟೈಯವನು ಕೀಲಿಕೈ ನೀಡಿದ.

ಅಪ್ಪ ಗಾಡಿಯ ಕನ್ನಡಿ ಒರೆಸಿದ. ಮುಂದಿನ ಗಾಜು ಒರೆಸಿದ. ಕನ್ನಡಕ ತರುತ್ತೇನೆಂದು ಒಳಗೆ ಹೋಗಿ, ಜೇಬಿನಲ್ಲೇ ಇತ್ತು ಎಂದು ಹೊರಗೆ ಬಂದ. ನೀರು ಕುಡಿದು ಬಂದ. ಆಮೇಲೆ ಎಲ್ಲರೂ ಅಳಿಯಂದಿರನ್ನು ನೋಡುತ್ತಿದ್ದ ಸಮಯ ಸಾಧಿಸಿ ಚಾಲಕನ ಬಾಗಿಲ ಕಡೆಗೆ ಸರಿದ. ನಾನು ಗಾಡಿಯ ಈಚೆ ಬದಿ ಬಗ್ಗಿ ಚಾಸಿಯ ಬೆಸುಗೆ ನೋಡುತ್ತಿದ್ದೆ. ಅಡಿಯಿಂದ ನನಗೆ ಅಪ್ಪನ ಕಾಲುಗಳು ಮಾತ್ರ ಕಂಡವು. ಬಲಗಾಲು ಮೇಲೆದ್ದಿತು, ನಡುಗಿತು, ಕೆಳಗಿಳಿಯಿತು. ಎಡಗಾಲು ಎದ್ದಿತು, ಬಲಗಾಲು ಭಾರ ತಡೆಯದೆ ಕುಸಿಯಿತು. ಎರಡೂ ಕಾಲು ಒಟ್ಟಿಗೆ ಎದ್ದವು, ಅಪ್ಪ ಹಿಡಿಗೆ ಜೋತುಬಿದ್ದಿರಬೇಕು, ಸ್ವಲ್ಪ ಹೊತ್ತು ಗಾಳಿಯಲ್ಲಿ ಒದ್ದಾಡಿ ಮತ್ತೆ ನೆಲಕ್ಕೆ ಬಂದವು. ಕೊನೆಗೆ ಹಿಮ್ಮುಖವಾಗಿ ಹತ್ತಲು ನೋಡಿದ.

ಶೋರೂಮಿನ ಕೋಪದ ಮುಖ, ಸದ್ದಿಲ್ಲದ ಬಾಗಿಲು, ದೊಡ್ಡ ಕನ್ನಡಿ, ಗಾಳಿ, ಮಣ್ಣಿನ ಮೇಲೆ ಕೂತು ಮಾಡಿದ ಯೋಚನೆ, ಎಲ್ಲದರ ಅರ್ಥ ಒಮ್ಮೆಲೇ ತಿಳಿಯಿತು.

"ಯಾಕೋ ತಲೆನೋವು," ಎಂದು ಅಪ್ಪ ಗಾಡಿಯ ಮರೆಯಿಂದ ಹೊರಬಂದ. "ನೀನೇ ಓಡಿಸಪ್ಪಾ."

ಮಾವನಿಗೆ ಅಷ್ಟೇ ಬೇಕಿತ್ತು. ಒಂದೇ ನೆಗೆತಕ್ಕೆ ಸ್ಟೀರಿಂಗ್ ಹಿಂದೆ ಕೂತ. ಟೈಯವನು ಆಚೆ ಬದಿಯಿಂದ ಹತ್ತಿದ. ಎಂಜಿನ್ ಗುಡುಗಿತು, ಮಾವ ಹಾರ್ನ್ ಹೊಡೆದ, ಬೂದು ಪಿಕಪ್ ಅಂಗಳದಿಂದ ರಸ್ತೆಗೆ ಹಾರಿತು.

ಟ್ರೇಲರ್ ಅಲ್ಲೇ ಇತ್ತು. ಅದರಲ್ಲಿ ಅಳಿಯಂದಿರೂ ಇದ್ದರು. ಯಾರೂ ಕೀಲು ಹಾಕಿರಲಿಲ್ಲ, ಸರಪಳಿಯನ್ನೂ ಸಿಕ್ಕಿಸಿರಲಿಲ್ಲ.

"ಮಾವಾ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಕಿಟಕಿಯಿಂದ ಮಾವನ ಕೈ ಹೊರಬಂದು ಟಾಟಾ ಮಾಡಿತು.

ನಾನು ಓಡಿ ಹೋಗಿ ಚಕ್ರಗಳಿಗೆ ಕಲ್ಲು ಕೊಟ್ಟೆ. ಬಣವೆಯ ಮೇಲಿಂದ ಅಮ್ಮ, "ಅಯ್ಯೋ, ಅಳಿಯಂದಿರು ಇಲ್ಲೇ ಇದಾರಲ್ರೀ!" ಎಂದು ಕೂಗಿದಳು. ಬೂದು ಪಿಕಪ್ ಎದುರಿನ ಗುಡ್ಡದ ರಸ್ತೆಯನ್ನು ಬಾಣದಂತೆ ಏರುತ್ತಿತ್ತು. ಮೊದಲ ತಿರುವಿನಲ್ಲಿ ಅದು ನಿಲ್ಲಲಿಲ್ಲ, ಎರಡನೆಯದರಲ್ಲೂ ನಿಲ್ಲಲಿಲ್ಲ. ಅಳಿಯಂದಿರು ಟ್ರೇಲರಿನಿಂದ ಕತ್ತು ಚಾಚಿ ಅದನ್ನು ಕುತೂಹಲದಿಂದ ನೋಡಿದರು.

ಅಪ್ಪ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತೆ.

"ಕೀಲು ಹಾಕಿಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಓಡಿಸೋನು ನೋಡ್ಕೋಬೇಕು."

"ಗೊತ್ತಿತ್ತಾ ಅಂತ ಕೇಳಿದ್ದು."

"ಓಡಿಸೋನು ನೋಡ್ಕೋಬೇಕು ಅಂತ ಹೇಳಿದ್ದು."

ಗುಡ್ಡದ ಮೇಲಿಂದ ಹಾರ್ನ್ ಕೇಳಿಸಿತು. ಮಾವ ಬಹಳ ಖುಷಿಯಲ್ಲಿದ್ದ.

"ನಿನ್ನ ಕಾಲು ನೋಡ್ದೆ ಅಪ್ಪಾ," ಎಂದೆ.

ಅಪ್ಪ ತೊಟ್ಟಿಯ ನೀರನ್ನೇ ನೋಡಿದ. "ಹತ್ತೋಕಾಗ್ತಿಲ್ಲ ಮಗಳೇ. ಮೊಣಕಾಲು ಬಗ್ಗಲ್ಲ ಅನ್ನುತ್ತೆ. ಹಳೇ ಗಾಡಿ ತಗ್ಗಿತ್ತು, ಹೇಗೋ ಆಗ್ತಿತ್ತು. ಇದಕ್ಕೆ ಹತ್ತೋದು ಅಟ್ಟಕ್ಕೆ ಹತ್ತಿದ ಹಾಗೆ. ಅದೂ ಒಂದ್ಸಲ ಅಲ್ಲ, ದಾರಿ ಉದ್ದಕ್ಕೂ ಹತ್ತಿ ಇಳೀಬೇಕು."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ ನಿಮ್ಮ ಮಾವ ಮನೇಲಿರಿ ಅಂತಾನೆ. ಮನೇಲಿದ್ದು ಏನು ಮಾಡ್ಲಿ? ಒಣಹಾಕಿದ ಕಾಳಿಗೆ ಕಾಗೆ ಬರದ ಹಾಗೆ ಕೋಲು ಹಿಡ್ಕೊಂಡು ಕೂರ್ಲಾ? ಇವರ ಜೊತೆ ಹೋಗೋದು ಬಿಟ್ರೆ ನಂಗೆ ಬೇರೇನೂ ಬರಲ್ಲ."

ನನಗೆ ಅಳು ಬಂತು. ಅಳು ಬಂದಾಗ ನನಗೆ ಸಿಟ್ಟೂ ಬರುತ್ತದೆ. "ಮೆಟ್ಟಿಲು ಮಾಡ್ತೀನಿ!" ಎಂದು ಗದರಿದೆ. "ಅರ್ಧ ದಿನದ ಕೆಲಸ. ಊರವರ ಮನೆಗೆಲ್ಲ ಏಣಿ ಮಾಡಿಕೊಡೋಳು ನಾನು!"

"ಬೇಡ. ಮೆಟ್ಟಿಲು ಕಂಡ ತಕ್ಷಣ ಯಾರಿಗೆ ಅಂತ ಕೇಳ್ತಾರೆ. ಕಾಲು ಬಾರದೋನು ಹೋರಿ ಹಿಡ್ಕೊಂಡು ಬಂದ ಅಂತಾರೆ. ಯಾರಿಗೂ ಹೇಳ್ಬೇಡ, ನಿಮ್ಮಮ್ಮನಿಗೂ."

ಅಮ್ಮ ಬಣವೆಯಿಂದ ಇಳಿದು, ನಮ್ಮ ಬೆನ್ನ ಹಿಂದೆ ಹುಲ್ಲಿನ ಹೊರೆ ಕಟ್ಟುತ್ತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ಗುಡ್ಡದ ರಸ್ತೆ ಆಚೆಯಿಂದ ಇಳಿದು ಸುತ್ತಿಕೊಂಡು ನಮ್ಮ ಮನೆಯ ಮುಂದಕ್ಕೇ ಬರುತ್ತದೆ. ಬೂದು ಪಿಕಪ್ ಅಂಗಳಕ್ಕೆ ನುಗ್ಗಿ ಟ್ರೇಲರಿನ ಎದುರಿಗೇ ನಿಂತಿತು. ಮಾವನ ಮುಖ ಅರಳಿತ್ತು.

"ಭಾವಾ! ಏನು ಗಾಡಿ! ಏನು ಎಳೆತ! ಹಿಂದೆ ಹೋರಿ ಇದೆ ಅಂತಲೇ ಗೊತ್ತಾಗಲ್ಲ!"

"ಟಾರ್ಕ್ ಸರ್," ಎಂದ ಟೈಯವನು.

ಅಳಿಯಂದಿರು ಒಮ್ಮೆ ಗುಟುರು ಹಾಕಿದರು. ಮಾವ ಎದುರಿಗೆ ನೋಡಿದ. ಕನ್ನಡಿಯಲ್ಲಿ ಹಿಂದೆ ನೋಡಿದ. ಮತ್ತೆ ಎದುರಿಗೆ ನೋಡಿದ. ಆಮೇಲೆ ಬಹಳ ಮೆಲ್ಲಗೆ ಕೇಳಿದ, "ಇವರು ಯಾವಾಗ ವಾಪಸ್ ಬಂದ್ರು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ಹುಲ್ಲಿನ ಹೊರೆಯ ಮೇಲೆ ಕೂತು ನಕ್ಕಳು. ಅಪ್ಪ ನಗಬಾರದೆಂದು ಹಲ್ಲು ಕಚ್ಚಿ ಹಿಡಿದು, ತಡೆಯಲಾರದೆ ಕೆಮ್ಮಿದ. ಟೈಯವನು ಮಾತ್ರ ಗಂಭೀರವಾಗಿ, "ಇದು ಗಾಡಿಯ ದೋಷ ಅಲ್ಲ ಸರ್," ಎಂದ.

"ಕೀಲು ಯಾವಾಗ್ಲೂ ಭಾವ ಅಲ್ವಾ ಹಾಕೋದು!" ಎಂದು ಮಾವ ಕಿರುಚಿದ.

"ನಾನು ಓಡಿಸುವಾಗ ನಾನು ಹಾಕ್ತೀನಿ," ಎಂದ ಅಪ್ಪ. "ನೀನು ಓಡಿಸುವಾಗ ನೀನು."

ಮಾವ ಇಳಿದು ತೊಟ್ಟಿಯ ಪಕ್ಕ ಬಂದು ನಿಂತು ಕೀಲಿಕೈ ಗೊಂಚಲನ್ನು ಬೆರಳಿಗೆ ಸುತ್ತತೊಡಗಿದ. ಮುಂದಿನ ಸಲ ಮರೆಯಲ್ಲ ಎಂದು ಗೊಣಗಿದ. ಟೈಯವನು ಕೆಲಸದ ಮಾತಿಗೆ ಬಂದ. "ಹಾಗಾದ್ರೆ ಗಾಡಿ ತಗೋತೀರಾ ಸರ್?"

ಅಪ್ಪ ಬೂದು ಪಿಕಪ್ಪನ್ನು ನೋಡಿದ. ಏನಾದರೊಂದು ಕೊಂಕು ತೆಗೆಯಲು ಬಾಯಿ ತೆರೆದ. "ಬಣ್ಣ ಸ್ವಲ್ಪ..."

"ತಗೊಳ್ಳೋಣ," ಎಂದಳು ಅಮ್ಮ, ಕಡ್ಡಿ ತುಂಡು ಮಾಡಿದ ಹಾಗೆ. "ಆದ್ರೆ ಶುಕ್ರವಾರ ನಾನೂ ಬರ್ತೀನಿ."

ಎಲ್ಲರೂ ಅವಳ ಕಡೆಗೆ ತಿರುಗಿದೆವು. ಅಮ್ಮ ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅಳಿಯಂದಿರ ಜೊತೆ ಹೋದವಳಲ್ಲ. ಹೋರಿಯ ಕೆಲಸ ನಿಂತು ನೋಡುವಂಥದ್ದಲ್ಲ ಎನ್ನುವುದು ಅವಳ ವಾದ.

"ನೀನ್ಯಾಕೆ?" ಎಂದ ಅಪ್ಪ.

"ಯಾಕೆ, ನಾನು ಹೋಗಬಾರದಾ? ಆದ್ರೆ ಗಾಡಿ ಎತ್ತರ. ನಂಗೆ ಹತ್ತೋಕಾಗಲ್ಲ. ಮೆಟ್ಟಿಲು ಬೇಕು."

ಅವಳ ತಲೆಯ ಮೇಲೆ ಇನ್ನೂ ಬಣವೆಯ ಹುಲ್ಲಿತ್ತು. ನಾನು ಬಣವೆಯನ್ನು ನೋಡಿದೆ, ಅಮ್ಮನನ್ನು ನೋಡಿದೆ, ನಾಲಿಗೆ ಕಚ್ಚಿಕೊಂಡೆ. ಪ್ರತಿ ರಾತ್ರಿ ಅಪ್ಪನ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಅವಳೇ ಎಂಬುದು ನನಗೆ ಆಗ ನೆನಪಾಯಿತು. ಅವಳಿಗೆ ಹೇಳಬೇಡ ಎಂದಿದ್ದ ಅಪ್ಪ!

"ಮೆಟ್ಟಿಲು ಎರಡೂ ಕಡೆ ಬೇಕು," ಎಂದು ಅಮ್ಮ ಮುಂದುವರಿಸಿದಳು. "ನನ್ನ ಕಡೆ ಒಂದೇ ಹಾಕಿದ್ರೆ ಗಾಡಿ ವಾಲಲ್ವಾ?"

"ಇಲ್ಲ ಮೇಡಂ," ಎಂದ ಟೈಯವನು. "ಇಷ್ಟು ದೊಡ್ಡ ಗಾಡಿಗೆ ಒಂದು ಮೆಟ್ಟಿಲು..."

ಮಾವನೂ ಅದನ್ನೇ ಹೇಳಲು ಬಾಯಿ ತೆರೆದಿದ್ದ. ಗಾಡಿಯ ವಿಷಯದಲ್ಲಿ ಯಾರಾದರೂ ತಪ್ಪು ಮಾತಾಡಿದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ. ಅಮ್ಮ ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಅವನ ಕಿವಿ ಹಿಂಡುವ ಮೊದಲು ಹಾಗೆ ನೋಡುತ್ತಿದ್ದಳಂತೆ. ಮಾವ ಅಕ್ಕನಿಂದ ಕಣ್ಣು ತೆಗೆದು ಭಾವನ ಕಡೆಗೆ ಹೊರಳಿದ. ಅಪ್ಪ ತೊಟ್ಟಿಯ ಕಟ್ಟೆಯಲ್ಲಿ ಕೂತು, ತನಗೇ ಅರಿವಿಲ್ಲದಂತೆ, ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮಾವನ ಬೆರಳಲ್ಲಿ ಸುತ್ತುತ್ತಿದ್ದ ಕೀಲಿಕೈ ನಿಂತಿತು.

"ವಾಲುತ್ತೆ ಅಕ್ಕ," ಎಂದ ಮಾವ. "ಖಂಡಿತ ವಾಲುತ್ತೆ. ಬ್ಯಾಲೆನ್ಸ್ ತುಂಬಾ ಮುಖ್ಯ."

"ಸರ್, ಆ ಥರ ಏನೂ..." ಎಂದ ಟೈಯವನು "ಅಮ್ಮಾ!" ಎಂದು ಚೀರಿದ. ಅವನ ಬೂಟಿನ ಮೇಲೆ ಮಾವನ ಕಾಲಿತ್ತು. ಮಾವ ಕಾಲು ತೆಗೆಯದೆ ಬಗ್ಗಿ, ಕೀಲಿಕೈಯನ್ನು ಅಪ್ಪನ ಅಂಗೈಯಲ್ಲಿಟ್ಟ.

"ತಗೊಳ್ಳಿ ಭಾವ. ನಂಗೆ ಈ ಕೀಲು ಗೀಲು ನೆನಪಿರಲ್ಲ. ನಾನು ಬನ್ನು ಸಾಗಿಸೋನು."

ಅವನ ದನಿಯಲ್ಲಿ ನಗುವಿತ್ತು, ಕಣ್ಣಲ್ಲಿರಲಿಲ್ಲ. ಮಾವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾನೆ ಎಂದು ಹೇಳಲಿಲ್ಲ.

ಹಳೆಯ ಪಿಕಪ್ಪಿನ ಬಂಪರ್ ಕತ್ತರಿಸಿ ನಾನು ಎರಡು ಜೊತೆ ಮೆಟ್ಟಿಲು ಮಾಡಿದೆ. ಒಂದು ಹಂತ ತಗ್ಗು, ಇನ್ನೊಂದು ಅದಕ್ಕಿಂತ ಸ್ವಲ್ಪ ಮೇಲೆ, ಪಕ್ಕದಲ್ಲಿ ಹಿಡಿಯಲು ಒಂದು ಸರಳು. ಚಾಲಕನ ಕಡೆಯದಕ್ಕೆ ಬೆಸುಗೆಯನ್ನು ಎರಡು ಸಲ ಹಾಕಿದೆ. ಅಮ್ಮನ ಕಡೆಯದಕ್ಕೆ ಒಂದು ಸಲ ಸಾಕೆನಿಸಿತು.

ಶುಕ್ರವಾರ ಬೆಳಗ್ಗೆ ಹೊರಟೆವು. ಅಪ್ಪ ಕೀಲು ಹಾಕಿ, ಸರಪಳಿ ಸಿಕ್ಕಿಸಿ, ಬಾಗಿಲು ಎಳೆದು ನೋಡಿ, ಅಳಿಯಂದಿರ ಬೆನ್ನು ತಟ್ಟಿ, ಒಂದು, ಎರಡು ಎಂದು ಮೆಟ್ಟಿಲು ಹತ್ತಿ ಸೀಟಿನಲ್ಲಿ ಕೂತ. ಅಷ್ಟು ಎತ್ತರದಲ್ಲಿ ಕೂತ ಅಪ್ಪ ನನಗೆ ದೊಡ್ಡವನಾಗಿ ಕಂಡ. ಬೇಕರಿಗೆ ರಜೆ ಹಾಕಿದ್ದ ಮಾವ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಕೂತ. ಮೊದಲ ತಿರುವು ಬಂತು. ಅಪ್ಪ ನಿಲ್ಲಿಸಿ ಇಳಿದ. ಅಮ್ಮ ಕೂತೇ ಇದ್ದಳು.

"ಅಕ್ಕ," ಎಂದ ಮಾವ ಹಿಂದಿನಿಂದ, "ನೀನು ಇಳೀಲಿಲ್ಲ ಅಂದ್ರೆ ನಿನ್ನ ಮೆಟ್ಟಿಲು ಯಾತಕ್ಕೆ ಅಂತ ನೋಡಿದೋರು ಕೇಳ್ತಾರೆ."

ಅಮ್ಮ ಅವನನ್ನು ದುರುಗುಟ್ಟಿ ನೋಡಿ ಇಳಿದಳು, ಸೊಂಟದ ಮೇಲೆ ಕೈಯಿಟ್ಟು "ಅಬ್ಬಬ್ಬಾ" ಎಂದು ನರಳುತ್ತ ಹತ್ತಿದಳು. ಏರು ಬಂತು, ಇಳಿದು ಹತ್ತಿದಳು. ಇಳಿಜಾರು ಬಂತು, ಇಳಿದು ಹತ್ತಿದಳು. ಇಟ್ಟಿಗೆ ಗೂಡಿನವನು ಕೈ ಕಟ್ಟಿ ನಿಂತು, "ಏನಮ್ಮಾ, ನಿಮಗೆ ಅಂತಲೇ ಮೆಟ್ಟಿಲು ಮಾಡ್ಸಿದಾರಾ?" ಎಂದ. "ಹೂಂ ಕಣಪ್ಪಾ, ವಯಸ್ಸಾಯ್ತಲ್ಲ," ಎಂದಳು ಅಮ್ಮ. ಆ ಕಡೆ ಅಪ್ಪ ಯಾರ ಕಣ್ಣಿಗೂ ಬೀಳದೆ ಒಂದು, ಎರಡು ಎಂದು ಹತ್ತಿ ಕೂತಾಗಿತ್ತು. ಡೈರಿ ಅಕ್ಕನ ಗೇಟು ತಲುಪುವ ಹೊತ್ತಿಗೆ ಅಮ್ಮನ ನರಳಾಟದಲ್ಲಿ ನಾಟಕ ಎಳ್ಳಷ್ಟೂ ಉಳಿದಿರಲಿಲ್ಲ. ಅಳಿಯಂದಿರ ಕೆಲಸ ಅಲ್ಲಿ ಚೆನ್ನಾಗಿಯೇ ಆಯಿತು, ಅದರ ವಿವರ ಬೇಡ.

ಸಂಜೆ ನಾನು ಶೆಡ್ಡಿಗೆ ಬೀಗ ಹಾಕಿ ಒಳಗೆ ಬಂದಾಗ ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎಣ್ಣೆಯ ಬಟ್ಟಲು ಹಿಡಿದು ಅವಳ ಮೊಣಕಾಲು ತಿಕ್ಕುತ್ತಿದ್ದವನು ಅಪ್ಪ.

"ಮುಂದಿನ ವಾರ ನೀನು ಬರಬೇಡ ಬಿಡೇ," ಎಂದ ಅಪ್ಪ, ತಲೆ ಎತ್ತದೆ. "ಇಷ್ಟು ನೋವು ಯಾಕೆ?"

"ಬರದೆ ಏನು? ಬರದಿದ್ರೆ ಆ ಮೆಟ್ಟಿಲು ಯಾರದು ಅಂತ ಕೇಳ್ತಾರಲ್ರೀ," ಎಂದಳು ಅಮ್ಮ. "ಸ್ವಲ್ಪ ಗಟ್ಟಿಯಾಗಿ ತಿಕ್ಕಿ."

ಅಪ್ಪ ಗಟ್ಟಿಯಾಗಿ ತಿಕ್ಕಿದ.